ಎಲುಬಿನ ಆಯವ್ಯಯ



ಎಲುಬೆಂದರೆ ಮನೆಯ ತೊಲೆಯಂತೆ ಒಮ್ಮೆ ಇಟ್ಟರೆ ಕಡೆಯವರೆಗೂ ಹಾಗೆಯೇ ಉಳಿಯುವ ಜಡವಸ್ತುವೆಂದು ಅನೇಕರು ಭಾವಿಸುವುದುಂಟು. ವಾಸ್ತವವಾಗಿ ಅದು ಸಜೀವವಾದುದು. ನಾವು ಬದುಕಿರುವಷ್ಟು ಕಾಲವೂ ಒಂದು ಬಗೆಯ ಜೀವಕಣಗಳು ಹಳೆಯ ಎಲುಬನ್ನು ಕರಗಿಸುತ್ತವೆ. ಇನ್ನೊಂದು ಬಗೆಯವು ಆ ತೆರವಿನಲ್ಲಿ ಹೊಸದನ್ನು ಕಟ್ಟುತ್ತವೆ. ಆಯವು ಹೆಚ್ಚಿದರೆ ಎಲುಬು ಸಾಂದ್ರವಾಗುತ್ತದೆ. ವ್ಯಯವು ಮಿಕ್ಕರೆ ಟೊಳ್ಳಾಗುತ್ತದೆ.

ಬಾಲ್ಯ ಯೌವನಗಳು ಗಳಿಕೆಯ ಕಾಲ. ಹರೆಯದಲ್ಲಿ ಮೈ ಅತಿವೇಗದಿಂದ ಬೆಳೆಯುವ ಎರಡು ವರ್ಷಗಳಲ್ಲಿಯೇ ಪ್ರೌಢದೇಹದ ಎಲುಬಿನ ಸುಮಾರು ಕಾಲು ಭಾಗದಷ್ಟು ಖನಿಜವು ಸೇರುತ್ತದೆ. 30ರ ಆಸುಪಾಸಿನಲ್ಲಿ ಭಂಡಾರವು ತುಂಬುತ್ತದೆ. ಬಳಿಕ ಕೆಲವು ವರ್ಷ ಸಮಸ್ಥಿತಿಯಿದ್ದು, ಮೆಲ್ಲಗೆ ವ್ಯಯವು ಆರಂಭವಾಗುತ್ತದೆ.

ಇನ್ನು ಸ್ತ್ರೀಪುರುಷ ಭೇದ. ಗಂಡಸಿನ ಎಲುಬು ಗಾತ್ರದಲ್ಲಿಯೇ ದೊಡ್ಡದು. ಅವನ ಮೂಲಧನವೂ ಹೆಚ್ಚು. ಹೆಂಗಸಿನ ಎಲುಬನ್ನು ಕರಗದಂತೆ ಕಾಯುವುದು ಈಸ್ಟ್ರೋಜನ್ ಎಂಬ ಸ್ರಾವ. 50ರ ಸುಮಾರಿಗೆ ಮುಟ್ಟು ನಿಂತಾಗ ಆ ಕಾವಲು ತಪ್ಪಿ, ಮುಂದಿನ ಐದಾರು ವರ್ಷಗಳಲ್ಲಿ ಎಲುಬು ಶೀಘ್ರವಾಗಿ ಸವೆಯುತ್ತದೆ. ಗಂಡಸಿನಲ್ಲಿ ಈ ಹಠಾತ್ ಇಳಿತವಿಲ್ಲ. ಆದರೆ 70 ದಾಟಿದ ಮೇಲೆ ಅವನೂ ನಿರ್ಭಯನಲ್ಲ.

ಈ ಸವೆತಕ್ಕೆ ನೋವಿಲ್ಲ. ಮುಂಗೈ, ಬೆನ್ನುಮಣಿ, ತೊಡೆಯ ಬುಡ ಇವುಗಳಲ್ಲೊಂದು ಮುರಿದಾಗಲೇ ಅದು ತಿಳಿದುಬರುವುದು. ಮುದುಕಿಯ ಬೆನ್ನು ಬಾಗಿದರೆ ವಯೋಧರ್ಮವೆಂದು ಸುಮ್ಮನಾಗುತ್ತೇವೆ. ಎಷ್ಟೋ ವೇಳೆ ಅದು ಸದ್ದಿಲ್ಲದೆ ಕುಸಿದ ಬೆನ್ನುಮಣಿಗಳ ಗುರುತಾಗಿರುತ್ತದೆ. ಕ್ಷ-ಕಿರಣಗಳಿಂದ ಸಾಂದ್ರತೆಯನ್ನು ಅಳೆಯುವ ಯಂತ್ರಗಳಿವೆ. ಸವೆತವನ್ನು ತಡೆಯುವ ಔಷಧಗಳೂ ಇವೆ. ಆದಕಾರಣ ಹಿರಿಯರು ಕುಳ್ಳಾಗುತ್ತ ಬಂದರೆ, ಸಣ್ಣ ಬೀಳಿನಿಂದಲೇ ಎಲುಬು ಮುರಿದರೆ, ವೈದ್ಯರಲ್ಲಿ ವಿಚಾರಿಸತಕ್ಕದ್ದು.

ಆಹಾರದ ವಿಷಯಕ್ಕೆ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯ ಸೀಮೆಯನ್ನು ನಿದರ್ಶನವಾಗಿ ನೋಡೋಣ. ಅದು ಜೋಳದ ರೊಟ್ಟಿಯ ನಾಡು. ಪ್ರೌಢರಿಗೆ ದಿನಕ್ಕೆ ಬೇಕಾದ ಸುಣ್ಣಾಂಶ ಸುಮಾರು 1000 ಮಿಲಿಗ್ರಾಂ. 100 ಗ್ರಾಂ ರಾಗಿಯಲ್ಲಿ ಅದು 350 ಮಿಲಿಗ್ರಾಮಿನಷ್ಟಿದ್ದರೆ, ಜೋಳದಲ್ಲಿ 30ಕ್ಕೂ ಕಡಿಮೆ. ಹಾಗೆಂದು ರೊಟ್ಟಿಯನ್ನು ಬಿಡಬೇಕಾಗಿಲ್ಲ. ಅದರ ಜೊತೆಗೆ ಬರುವ ಗಟ್ಟಿ ಮೊಸರು, ಗುರೆಳ್ಳಿನ ಚಟ್ನಿ, ರೊಟ್ಟಿಗೆ ಮೆತ್ತುವ ಎಳ್ಳು, ಸೊಪ್ಪಿನ ಪಲ್ಯ ಇವೇ ಆ ಕೊರತೆಯನ್ನು ತುಂಬತಕ್ಕವು. ಪಟ್ಟಣದ ಊಟದಲ್ಲಿ ರೊಟ್ಟಿ ಉಳಿದು ಈ ಸಂಗಡಿಗರು ಮರೆಯಾದರೆ ನಷ್ಟವೇ ಸರಿ. ಹೊಲದಲ್ಲಿ ದುಡಿಯುವವಳಿಗೆ ಬಿಸಿಲೂ ಶ್ರಮವೂ ತಾವಾಗಿ ದೊರೆಯುತ್ತವೆ. ಬಿಸಿಲಿನಿಂದ ಚರ್ಮದಲ್ಲಿ ಹುಟ್ಟುವ ಡಿ ಜೀವಸತ್ತ್ವವಿಲ್ಲದೆ ಸುಣ್ಣಾಂಶವು ಮೈಗೆ ಸರಿಯಾಗಿ ಹತ್ತದು. ಭಾರ ಹೊರದ ಎಲುಬು ಬಲಿಯದು. ನಗರದ ಮನೆಯೊಳಗಿರುವವರಿಗೆ ಇವೆರಡನ್ನೂ ಬೇಕೆಂದೇ ಒದಗಿಸಿಕೊಳ್ಳಬೇಕು.

ನಮ್ಮ ಅನೇಕ ಮನೆಗಳಲ್ಲಿ ಹಾಲು ಮೊದಲು ಗಂಡುಮಗುವಿಗೆ, ಉಳಿದರೆ ಹೆಣ್ಣಿಗೆ. ಕಡಿಮೆ ಮೂಲಧನದಿಂದ ಹೆಚ್ಚಿನ ವ್ಯಯವನ್ನು ತಾಳಬೇಕಾದವಳು ಅವಳೇ. 60ನೆಯ ವಯಸ್ಸಿನಲ್ಲಿ ಅವಳು ನೆಟ್ಟಗೆ ನಿಲ್ಲಬೇಕಾದರೆ ಈ ಪದ್ಧತಿಯನ್ನು ಅವಳ ಹತ್ತನೆಯ ವಯಸ್ಸಿನಲ್ಲಿಯೇ ತಿದ್ದಬೇಕು.