ಡಾಸ್ ಮೇಲೊಂದು ಚಿತ್ರಮಯ ಹೊದಿಕೆ

ಹಳೆಯ ಪಿಸಿಗಳ ಕಾರ್ಯಾಚರಣಾ ವ್ಯವಸ್ಥೆ ಡಾಸ್ ಬಳಕೆದಾರನಿಗೆ ತೋರಿಸುವುದು ಕಪ್ಪು ಪರದೆ ಮತ್ತು ಮಿನುಗುವ ಕರ್ಸರ್ ಮಾತ್ರ. ಅದರ ಮೇಲೆ ಕಿಟಕಿ, ಐಕಾನು, ಮೌಸಿನ ಬಾಣ ಮೂಡಿಸುವ ಪ್ರೋಗ್ರಾಮೇ ಚಿತ್ರಮಯ ಶೆಲ್. 1985ರ ಜೆಮ್ ಮತ್ತು ಮೊದಲ ವಿಂಡೋಸ್ ಈ ಬಗೆಯವು. ಜಿಮ್ ಹಾಲ್ 1994ರಲ್ಲಿ ಆರಂಭಿಸಿದ, ಡಾಸ್‌ನ ಮುಕ್ತ ರೂಪವಾದ ಫ್ರೀಡಾಸ್‌ನಿಂದಾಗಿ ಹವ್ಯಾಸಿಗಳು ಇಂದಿಗೂ ಇಂಥ ಶೆಲ್ ಕಟ್ಟಬಹುದು.

ಮೊದಲ ತೊಡಕು ಪರದೆಯದು. 16 ಬಣ್ಣಗಳ 640×480 ವಿಜಿಎ ಚಿತ್ರಕ್ಕೆ 1,53,600 ಬೈಟ್ ಬೇಕು. ಡಾಸ್ ಪ್ರೋಗ್ರಾಮುಗಳಿಗೆ ದಕ್ಕುವ ಮೂಲ ನೆನಪು 640 ಕೆಬಿ. ಇಡೀ ಚಿತ್ರದ ನಕಲನ್ನು ಅದರಲ್ಲಿ ಇಟ್ಟುಕೊಳ್ಳುವುದು ದುಬಾರಿ. ಹಾಗಾಗಿ ಜಾಣ ಶೆಲ್ ಇಡೀ ಪರದೆಯನ್ನು ಮತ್ತೆ ಬರೆಯದೆ, ಬದಲಾದ ಚೌಕವನ್ನಷ್ಟೇ ತಿದ್ದುತ್ತದೆ. ಮೌಸು ಚಲಿಸಿದಾಗ ಬಾಣದಡಿಯ ಚಿತ್ರವನ್ನು ಮೊದಲೇ ಎತ್ತಿಟ್ಟು, ಬಾಣ ಸರಿದ ಮೇಲೆ ಮರಳಿ ಹಾಕುತ್ತದೆ.

ಕನ್ನಡ ಬಂದರೆ ಕೆಲಸ ನಿಜಕ್ಕೂ ಸ್ವಾರಸ್ಯಕರ. ಐಐಟಿ ಕಾನ್ಪುರದಲ್ಲಿ ಬೇರೂರಿದ, ಸಿ-ಡ್ಯಾಕ್ ಬೆಳೆಸಿದ ಜಿಸ್ಟ್ ಕಾರ್ಡು ಡಾಸ್ ಪರದೆಗೆ ಭಾರತೀಯ ಲಿಪಿಗಳನ್ನು ತಂದಿತ್ತು. ಭಾರತೀಯ ಲಿಪಿಗಳಿಗಾಗಿ ರೂಪಿಸಿದ 1991ರ ಇಸ್ಕಿ ಸಂಕೇತದಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತ ಒಂದೊಂದೂ ಒಂದು ಬೈಟ್. ಬೆಳಗಾವಿ ಜಿಲ್ಲೆಯ ಊರುಗಳನ್ನೇ ಫೋಲ್ಡರುಗಳ ಹೆಸರಾಗಿಸಿ ನೋಡಿದರೆ ಗೋಕಾಕಕ್ಕೆ 5, ಮೂಡಲಗಿಗೆ 6, ಹುಕ್ಕೇರಿಗೆ 8 ಬೈಟ್ ಬೇಕು. ಡಾಸ್ ಹೆಸರಿಗೆ ಕೊಡುವುದೂ 8 ಬೈಟ್! ಆದರೆ ಹುಕ್ಕೇರಿ ಪರದೆಯಲ್ಲಿ ಮೂರೇ ಅಕ್ಷರ. ಎರಡನೆಯ ಕಕಾರ ಒತ್ತಾಗಿ ಕೆಳಗಿಳಿಯಬೇಕು, ಏತ್ವ ಮೇಲಿನದಕ್ಕೆ ಅಂಟಬೇಕು. ಬೈಟಿಗೊಂದು ಚೌಕ ಎಂಬ ಇಂಗ್ಲಿಷಿನ ಲೆಕ್ಕ ಇಲ್ಲಿ ಸಾಲದು. ಐಕಾನಿನ ಕೆಳಗೆ ಒತ್ತಕ್ಷರಕ್ಕೆಂದೇ ಹೆಚ್ಚು ಜಾಗ ಬಿಡಬೇಕು. ಅಳಿಸುವ ಕೀಲಿ ಒತ್ತಿದರೆ ಹೋಗಬೇಕಾದ್ದು ಬೈಟೋ, ಇಡೀ ಅಕ್ಷರವೋ ಎಂಬುದನ್ನೂ ಶೆಲ್ ಬರೆಯುವವರೇ ತೀರ್ಮಾನಿಸಬೇಕು.