ಬಾರ್ಬರಾ ಸ್ಟೀಲ್: ಒಂದೇ ಮುಖದ ಇಬ್ಬರು

ಭಯಾನಕ ಚಿತ್ರಗಳಲ್ಲಿ ನಾಯಿಕೆಗೆ ಬಹುಕಾಲ ದೊರೆಯುತ್ತಿದ್ದ ಕೆಲಸವೆಂದರೆ ಚೀರುವುದು, ಓಡುವುದು, ಕಡೆಗೆ ನಾಯಕನ ತೋಳಿನಲ್ಲಿ ಮೂರ್ಛೆ ಹೋಗುವುದು. ಹೆದರಿಸುವ ಅಧಿಕಾರವೆಲ್ಲ ಬಹುಮಟ್ಟಿಗೆ ಲುಗೋಸಿ, ಕಾರ್ಲಾಫ್ ಮೊದಲಾದ ಗಂಡು ನಟರ ಸ್ವತ್ತು. ಹೆದರುವವಳೂ ಹೆದರಿಸುವವಳೂ ತಾನೇ ಆಗಿ ಈ ಪದ್ಧತಿಯನ್ನು ಬುಡಮೇಲು ಮಾಡಿದವರಲ್ಲಿ, 1937ರಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್ ಪಟ್ಟಣದಲ್ಲಿ ಜನಿಸಿದ ಬಾರ್ಬರಾ ಸ್ಟೀಲ್ ಅಗ್ರಗಣ್ಯಳು.

ಚಿತ್ರಕಲೆಯನ್ನು ಅಭ್ಯಾಸ ಮಾಡಿದ್ದ ಈ ತರುಣಿಯನ್ನು ಮೊದಲು ಕರಾರಿಗೆ ತೆಗೆದುಕೊಂಡದ್ದು ಬ್ರಿಟನ್ನಿನ ರ‍್ಯಾಂಕ್ ಸಂಸ್ಥೆ. ಸಣ್ಣಪುಟ್ಟ ಪಾತ್ರಗಳ ತರುವಾಯ ಆ ಕರಾರು ಹಾಲಿವುಡ್ಡಿನ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಪಾಲಾಯಿತು. ಅಲ್ಲಿ ಎಲ್ವಿಸ್ ಪ್ರೆಸ್ಲಿಯ ‘ಫ್ಲೇಮಿಂಗ್ ಸ್ಟಾರ್’ ಚಿತ್ರಕ್ಕೆ ಆಯ್ಕೆಯಾದರೂ ಪಾತ್ರ ಬಾರ್ಬರಾ ಈಡನ್ ಎಂಬ ಇನ್ನೊಬ್ಬ ನಟಿಗೆ ಹೋಯಿತು. ಇಂಥ ಮುಖದಿಂದ ಏನು ಮಾಡಿಸಬೇಕೆಂಬುದು ಹಾಲಿವುಡ್ಡಿಗೆ ತಿಳಿಯದೆ ಹೋಯಿತೆಂದೇ ನನ್ನ ಅಭಿಪ್ರಾಯ. ತಿಳಿದದ್ದು ಇಟಲಿಯ ಮಾರಿಯೋ ಬಾವಾನಿಗೆ.

ಅನುಭವಿ ಛಾಯಾಗ್ರಾಹಕನಾಗಿದ್ದ ಬಾವಾ 1960ರಲ್ಲಿ ನಿರ್ದೇಶಿಸಿದ ‘ಬ್ಲ್ಯಾಕ್ ಸಂಡೇ’ ಕಪ್ಪುಬಿಳುಪಿನ ಚಿತ್ರ. ರಷ್ಯನ್ ಲೇಖಕ ಗೋಗೊಲನ ‘ವಿಯ್’ ಕಥೆಯನ್ನು ತೆಳುವಾಗಿ ಆಶ್ರಯಿಸಿದ್ದು. ಆರಂಭದಲ್ಲಿಯೇ, ಒಳಬದಿಗೆ ಮೊಳೆಗಳಿರುವ ಕಂಚಿನ ಮುಖವಾಡವನ್ನು ಸ್ಟೀಲ್ ನಟಿಸಿದ ಆಸಾ ಎಂಬ ಮಾಟಗಾತಿಯ ಮುಖಕ್ಕಿಟ್ಟು, ಕಟುಕನು ದೊಡ್ಡ ಸುತ್ತಿಗೆಯಿಂದ ಬಡಿಯುತ್ತಾನೆ. ಎರಡು ಶತಮಾನ ಕಳೆದ ಮೇಲೆ, ಶವಪೆಟ್ಟಿಗೆಯ ಗಾಜು ಒಡೆದು ಕೈ ಗಾಯಮಾಡಿಕೊಂಡ ವೈದ್ಯನೊಬ್ಬನ ರಕ್ತ ತೊಟ್ಟಿಕ್ಕಿ ಆಕೆ ಎಚ್ಚರಗೊಳ್ಳುತ್ತಾಳೆ. ಚೇಳುಗಳು ಹರಿದಾಡಿದ್ದ ಟೊಳ್ಳು ಕಣ್ಗುಳಿಗಳಲ್ಲಿ ಕಣ್ಣುಗಳು ಮೆಲ್ಲಮೆಲ್ಲನೆ ತುಂಬಿಕೊಳ್ಳುತ್ತವೆ. ಆ ಮುಖದ ತುಂಬ ಮೊಳೆಯ ತೂತುಗಳು, ಆದರೂ ಅದು ಸುಂದರ. ಜುಗುಪ್ಸೆಯೂ ಮೋಹವೂ ಏಕಕಾಲದಲ್ಲಿ ನೋಡುಗನನ್ನು ಹಿಡಿಯುವ ಈ ಕ್ಷಣದ ಬಲದಿಂದಲೇ ಮುಂದಿನ ಕೀರ್ತಿಯೆಲ್ಲ ಬೆಳೆಯಿತೆನ್ನಬಹುದು. ಅದೇ ಚಿತ್ರದಲ್ಲಿ ಮಾಟಗಾತಿಗೆ ಬಲಿಯಾಗಬೇಕಾದ ಮುಗ್ಧೆ ಕಾತ್ಯಾಳೂ ಸ್ಟೀಲಳೇ. ಬ್ರಿಟನ್ನಿನ ಸೆನ್ಸಾರಿನವರು 1968ರವರೆಗೂ ಈ ಚಿತ್ರಕ್ಕೆ ಅನುಮತಿ ಕೊಡಲಿಲ್ಲ.

ದ್ವಿಪಾತ್ರವು ನಮ್ಮ ಪ್ರೇಕ್ಷಕರಿಗೆ ಹೊಸತಲ್ಲ. ಆದರೆ ನಮ್ಮಲ್ಲಿ ಅದು ಹೆಚ್ಚಾಗಿ ಅದಲುಬದಲಿನ ವಿನೋದಕ್ಕೋ ಅಣ್ಣತಮ್ಮಂದಿರ ಪುನರ್ಮಿಲನಕ್ಕೋ ಒದಗಿದರೆ, ಇಲ್ಲಿ ಒಳಿತು ಕೆಡುಕುಗಳೆರಡೂ ಒಂದೇ ಚರ್ಮದಡಿ ವಾಸಿಸುವುವೆಂಬ ಅನುಮಾನವನ್ನು ಬಿತ್ತುತ್ತದೆ. ‘ನೈಟ್‌ಮೇರ್ ಕ್ಯಾಸಲ್’ (1965) ಪುನಃ ಇದೇ ಜಾಡು ಹಿಡಿಯಿತು. ಆಕೆಯ ಇಂಥ ಚಿತ್ರಗಳು ಬಹುಪಾಲು ಕಡಮೆ ಹಣದಲ್ಲಿ, ಅವಸರದಲ್ಲಿ ಮುಗಿಸಿದವು. ಕೆಲವಂತೂ ಆಕೆಯ ಕಣ್ಣುಗಳಿಲ್ಲದಿದ್ದರೆ ಇಂದು ಯಾರಿಗೂ ನೆನಪಿರುತ್ತಿರಲಿಲ್ಲ.

ವಿಚಿತ್ರವೆಂದರೆ, ಈ ಮುಖಕ್ಕೆ ಕಂಠ ಮಾತ್ರ ಬಹುವೇಳೆ ಪರರದು. ‘ಬ್ಲ್ಯಾಕ್ ಸಂಡೇ’ಯಲ್ಲಿ ಬೇರೊಬ್ಬರು ಧ್ವನಿ ಕೊಟ್ಟರು, ರೋಜರ್ ಕಾರ್ಮನ್ ಅಮೆರಿಕದಲ್ಲಿ ನಟ ವಿನ್ಸೆಂಟ್ ಪ್ರೈಸನೊಡನೆ ತೆಗೆದ ‘ದಿ ಪಿಟ್ ಅಂಡ್ ದಿ ಪೆಂಡುಲಮ್’ (1961) ಚಿತ್ರದಲ್ಲಿಯೂ, ಅದು ಆಕೆಯ ಮಾತೃಭಾಷೆಯದೇ ಆಗಿದ್ದರೂ, ಹಾಗೆಯೇ ಆಯಿತು.

ಇಟಲಿಯ ನಿರ್ದೇಶಕ ಫೆಲಿನಿಯ ‘ಎಂಟೂವರೆ’ಯಲ್ಲಿ (1963) ಆಕೆಗೊಂದು ಕಿರುಪಾತ್ರವಿತ್ತು, ಎಪ್ಪತ್ತರ ದಶಕದಲ್ಲಿ ಜೊನಾಥನ್ ಡೆಮ್ಮಿ, ಕ್ರೊನೆನ್‌ಬರ್ಗ್, ಜೋ ಡಾಂಟೆ ಎಂಬ ಆಗಿನ್ನೂ ಹೊಸಬರಾಗಿದ್ದ ನಿರ್ದೇಶಕರು ಆಕೆಯನ್ನು ಅರಸಿಕೊಂಡು ಬಂದರು. ಅನಂತರ ನಿರ್ಮಾಣಕ್ಕೆ ತಿರುಗಿ, ನಿರ್ಮಾಪಕ-ನಿರ್ದೇಶಕ ಡಾನ್ ಕರ್ಟಿಸನೊಡನೆ ದುಡಿದ ‘ವಾರ್ ಅಂಡ್ ರಿಮೆಂಬ್ರೆನ್ಸ್’ ಧಾರಾವಾಹಿಗಾಗಿ 1989ರಲ್ಲಿ ಎಮ್ಮಿ ಪ್ರಶಸ್ತಿಯನ್ನು ಹಂಚಿಕೊಂಡಳು. ಅದರಲ್ಲಿ ದೆವ್ವಗಳಿರಲಿಲ್ಲ, ಎರಡನೆಯ ಮಹಾಯುದ್ಧವಿತ್ತು. ಅದೇ ಕರ್ಟಿಸ್ 1991ರಲ್ಲಿ ‘ಡಾರ್ಕ್ ಶ್ಯಾಡೋಸ್’ ಧಾರಾವಾಹಿಯನ್ನು ಹೊಸದಾಗಿ ತೆಗೆದಾಗ ಆಕೆಯನ್ನು ಪುನಃ ಬಣ್ಣ ಹಚ್ಚಲು ಕರೆದನು. ಕೊಟ್ಟ ಪಾತ್ರ ರಕ್ತ ಹೀರುವ ಪಿಶಾಚಿಗೆ ಮದ್ದು ಹುಡುಕುವ ವೈದ್ಯೆಯದು.