ಕಂಕುಳಲ್ಲಿ ಮತ್ತೆ ಮತ್ತೆ ಏಳುವ ಕುರು: ಶಸ್ತ್ರಚಿಕಿತ್ಸೆ ಮತ್ತು ನಂತರದ ಆರೈಕೆ



ಆರೋಗ್ಯದ ವಿಷಯ ಬಂದಾಗಲೆಲ್ಲ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಡೆಂಗ್ಯೂ ಇವುಗಳ ಬಗ್ಗೆ ಬರೆಯುವುದು ನಮ್ಮ ವಾಡಿಕೆ. ಇಂದು ಬರೆಯುತ್ತಿರುವುದು ಮನೆಯವರೊಂದಿಗೂ ಬಾಯಿಬಿಟ್ಟು ಹೇಳಲು ನಾಚುವ ಒಂದು ಚರ್ಮರೋಗದ ಬಗ್ಗೆ. ಅದಕ್ಕೊಂದು ಕಾರಣವಿದೆ.

ಕಳೆದ ವರ್ಷ ಒಬ್ಬ ತಾಯಿ ಸಂಜೆ ಹೊತ್ತು ಫೋನ್ ಮಾಡಿದರು. ಮಗನಿಗೆ ಕಂಕುಳಲ್ಲಿ ಆಪರೇಷನ್ ಆಗಿ ಎರಡು ದಿನಗಳಾಗಿದ್ದವು. "ಫಾದರ್, ಗಾಯ ಹಾಗೆಯೇ ತೆರೆದು ಬಿಟ್ಟು ಮನೆಗೆ ಕಳಿಸಿದ್ದಾರೆ. ಹೊಲಿಗೆಯೇ ಹಾಕಲಿಲ್ಲ. ಮರೆತರೋ ಏನೋ! ಬೇರೆ ಆಸ್ಪತ್ರೆಗೆ ಕೊಂಡುಹೋಗಲಾ?" ಎಂದು ಕೇಳಿದರು. ಧ್ವನಿ ನಡುಗುತ್ತಿತ್ತು. ನಾನು ವೈದ್ಯನಲ್ಲ. ಆಪರೇಷನ್ ಮಾಡಿದ ವೈದ್ಯರಿಗೇ ಫೋನ್ ಮಾಡಿ ಕೇಳಿ ಎಂದೆ. ಮರುದಿನ ನಾನೂ ಹೋಗಿ ಹುಡುಗನನ್ನು ಕಂಡೆ. ಅವನ ಕಥೆ ಕೇಳಿದ ಮೇಲೆ, ಪರಿಚಯದ ಚರ್ಮರೋಗ ತಜ್ಞರೊಬ್ಬರಲ್ಲಿ ವಿಚಾರಿಸಿ, ಸಾಕಷ್ಟು ಓದಿ ಈ ಲೇಖನ ಬರೆದಿದ್ದೇನೆ. ಹುಡುಗನ ಮತ್ತು ತಾಯಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ಸಂಗತಿಗಳನ್ನು ಬಿಟ್ಟಿದ್ದೇನೆ.

ಹದಿನೇಳನೆಯ ವಯಸ್ಸಿನಲ್ಲಿ ಅವನಿಗೆ ಮೊದಲ ಕುರು ಎದ್ದಿತ್ತು. ಒಡೆಯಿತು, ವಾಸಿಯಾಯಿತು, ಎರಡು ತಿಂಗಳಲ್ಲಿ ಪಕ್ಕದಲ್ಲೇ ಇನ್ನೊಂದು. ಮನೆಯಲ್ಲಿ "ಉಷ್ಣ" ಎಂದರು. ಎಳನೀರು, ಮಜ್ಜಿಗೆ, ಕಷಾಯ ಎಲ್ಲವೂ ಆಯಿತು. ಆಮೇಲೆ ತೊಡೆಸಂದಿಯಲ್ಲೂ ಶುರುವಾಯಿತು. ಹತ್ತು ವರ್ಷಗಳಲ್ಲಿ ಏಳೆಂಟು ಬಾರಿ ಕೊಯ್ದು ಕೀವು ತೆಗೆಸಿದ್ದಾನೆ. ಒಂದು ಕಡೆ "ಸರಿಯಾಗಿ ಸ್ನಾನ ಮಾಡು" ಎಂದು ಗದರಿಸಿದರು. ಇನ್ನೊಂದು ಕಡೆ ತೊಡೆಸಂದಿಯ ಗಾಯ ನೋಡಿ ಅವನ ನಡತೆಯ ಬಗ್ಗೆಯೇ ಕುಹಕದ ಪ್ರಶ್ನೆ ಕೇಳಿದರು. ಆ ನಂತರ ಎರಡು ವರ್ಷ ಅವನು ಯಾವ ವೈದ್ಯರ ಬಳಿಗೂ ಹೋಗಲಿಲ್ಲ. ಅಂಗಿಯಲ್ಲಿ ಕಲೆ ಕಾಣಬಾರದೆಂದು ಸೆಕೆಯಲ್ಲೂ ಎರಡು ಬನಿಯನ್ ಹಾಕುತ್ತಿದ್ದ. ವಾಸನೆ ಬಂದೀತೆಂದು ಇಗರ್ಜಿಯಲ್ಲಿ ಕೊನೆಯ ಬೆಂಚು. ಗಾಯನ ಮಂಡಳಿ ಬಿಟ್ಟ. ನಾವೆಲ್ಲ "ಈಗಿನ ಹುಡುಗರಿಗೆ ಆಸಕ್ತಿ ಇಲ್ಲ" ಎಂದುಕೊಂಡೆವು.

ಈ ರೋಗದ ಹೆಸರು ಹೈಡ್ರಡಿನೈಟಿಸ್ ಸಪ್ಪುರೇಟಿವಾ. ವೈದ್ಯರು ಎಚ್.ಎಸ್. ಎನ್ನುತ್ತಾರೆ. ಫ್ರಾನ್ಸಿನ ವೈದ್ಯ ವೆಲ್ಪೋ 1839ರಲ್ಲಿ ಇದನ್ನು ವಿವರಿಸಿದರು. 1854ರಲ್ಲಿ ಅದೇ ದೇಶದ ಶಸ್ತ್ರವೈದ್ಯ ವೆರ್ನೊಯ್ ಇದು ಬೆವರು ಗ್ರಂಥಿಗಳ ರೋಗ ಎಂದು ಅಭಿಪ್ರಾಯಪಟ್ಟರು. ಹೆಸರು ಅದೇ ಅರ್ಥದಲ್ಲಿ ಉಳಿಯಿತು. ಆದರೆ ಹೆಸರು ಸರಿಯಲ್ಲ ಎಂದು ಈಗ ಗೊತ್ತಾಗಿದೆ. ಮೊದಲು ಕಟ್ಟಿಕೊಳ್ಳುವುದು ಬೆವರು ಗ್ರಂಥಿಯಲ್ಲ, ಕೂದಲ ಬುಡದ ಕೋಶ. ಅದರ ಬಾಯಿ ಮುಚ್ಚಿ, ಒಳಗಿನದು ಉಬ್ಬಿ, ಕೊನೆಗೆ ಚರ್ಮದ ಒಳಗೇ ಒಡೆಯುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರುವೆಂದು ಭಾವಿಸಿ ಮೇಲೆ ಬೀಳುತ್ತದೆ. ಉರಿಯೂತ, ಕೀವು, ನೋವು. ಹೀಗೆ ಮತ್ತೆ ಮತ್ತೆ ಆದಾಗ ಒಂದು ಗಂಟಿನಿಂದ ಇನ್ನೊಂದಕ್ಕೆ ಚರ್ಮದಡಿಯಲ್ಲಿ ಸುರಂಗಗಳು ಉಂಟಾಗುತ್ತವೆ. ಮೇಲಿನಿಂದ ಎರಡು ಸಣ್ಣ ತೂತು ಮಾತ್ರ ಕಾಣುತ್ತದೆ. ಕೆಳಗೆ ಇಲಿಯ ಬಿಲದಂತೆ ದಾರಿ ಹರಡಿರುತ್ತದೆ.

ಇದನ್ನು ಇಷ್ಟು ವಿವರಿಸಲು ಕಾರಣವಿದೆ. ಸುರಂಗ ಅರ್ಥವಾದರೆ ಶಸ್ತ್ರಚಿಕಿತ್ಸೆಯೂ ಅರ್ಥವಾಗುತ್ತದೆ. ಕೊಯ್ದು ಕೀವು ತೆಗೆದರೆ ಆ ಕ್ಷಣಕ್ಕೆ ನೋವು ಇಳಿಯುತ್ತದೆ, ಆದರೆ ಬಿಲ ಹಾಗೆಯೇ ಉಳಿಯುತ್ತದೆ. ಆದ್ದರಿಂದಲೇ ಬಹುತೇಕ ಎಲ್ಲರಲ್ಲೂ ಅದು ಮರಳಿ ಬರುತ್ತದೆ. ನಮ್ಮ ಹುಡುಗನ ಏಳೆಂಟು ಬಾರಿಯ ಕೊಯ್ತ ವ್ಯರ್ಥವಾದದ್ದು ಹೀಗೆ.

ಇದು ಅಂಟುರೋಗವಲ್ಲ. ಕೊಳಕಿನಿಂದ ಬರುವುದಲ್ಲ. ಲೈಂಗಿಕ ರೋಗವಲ್ಲ. ಈ ಮೂರು ಮಾತುಗಳನ್ನು ಗುರಿಕಾರರು, ಸಿಸ್ಟರ್‌ಗಳು, ಯುವಜನ ನಾಯಕರು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸುಮಾರು ಮೂರರಲ್ಲಿ ಒಬ್ಬ ರೋಗಿಯ ಕುಟುಂಬದಲ್ಲಿ ಇನ್ನೊಬ್ಬರಿಗೂ ಇದು ಇರುತ್ತದೆ. ಕೆಲವು ಕುಟುಂಬಗಳಲ್ಲಿ ಇದಕ್ಕೆ ಕಾರಣವಾಗುವ ವಂಶವಾಹಿ ದೋಷಗಳನ್ನು ಚೀನಾದ ಸಂಶೋಧಕರು 2010ರಲ್ಲಿ ಗುರುತಿಸಿದ್ದಾರೆ. ಧೂಮಪಾನ ಮತ್ತು ಅತಿತೂಕ ಇದನ್ನು ಉಲ್ಬಣಗೊಳಿಸುತ್ತವೆ. ಹಾಗೆಂದು ಸಿಗರೇಟು ಮುಟ್ಟದ, ತೆಳ್ಳಗಿನವರಿಗೂ ಬರುತ್ತದೆ. ಸಾಮಾನ್ಯವಾಗಿ ಪ್ರಾಯಕ್ಕೆ ಬಂದ ಮೇಲೆ, ಇಪ್ಪತ್ತರ ಆಸುಪಾಸಿನಲ್ಲಿ ಆರಂಭ. ಮದುವೆಯ ಮಾತುಕತೆಯೂ ಅದೇ ವಯಸ್ಸಿನಲ್ಲಿ ಎಂಬುದು ಇದರ ಇನ್ನೊಂದು ಕ್ರೌರ್ಯ.

ಚರ್ಮರೋಗವೆಂದರೆ ದೂರ ಸರಿಯುವ ಭಯ ನಮ್ಮ ಕರಾವಳಿಗೆ ಹೊಸದಲ್ಲ. ಜೆಸುಯಿಟ್ ಧರ್ಮಗುರು ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧಾಲಯ ತೆರೆದು, ಹತ್ತು ವರ್ಷಗಳ ನಂತರ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದಾಗ, ಅಲ್ಲಿಗೆ ಬಂದವರು ಮನೆಯಿಂದ ಹೊರಹಾಕಲ್ಪಟ್ಟವರು. ಇಂದು ಮನೆಯಿಂದ ಯಾರೂ ಹೊರಹಾಕುವುದಿಲ್ಲ. ರೋಗಿಯೇ ಕೊನೆಯ ಬೆಂಚಿಗೆ ಹೋಗಿ ಕೂರುತ್ತಾನೆ.

ಹಾಗಾದರೆ ಯಾವಾಗ ಸಂಶಯ ಪಡಬೇಕು? ಕಂಕುಳು, ತೊಡೆಸಂದಿ, ಪೃಷ್ಠ, ಹೆಂಗಸರಲ್ಲಿ ಸ್ತನದ ಕೆಳಭಾಗ, ಇಂಥ ಕಡೆಗಳಲ್ಲಿ ಆರು ತಿಂಗಳಲ್ಲಿ ಎರಡು ಬಾರಿಯಾದರೂ ನೋವಿನ ಗಂಟು ಎದ್ದರೆ ಚರ್ಮರೋಗ ತಜ್ಞರನ್ನು ಕಾಣಿರಿ. ರಕ್ತಪರೀಕ್ಷೆಯಿಂದ ಇದು ತಿಳಿಯುವುದಿಲ್ಲ. ಅನುಭವಿ ಕಣ್ಣು ನೋಡಿ ಹೇಳಬೇಕು. ನಮ್ಮ ದೇಶದಲ್ಲಿ ಚರ್ಮದ ಕ್ಷಯವೂ ಕೆಲವೊಮ್ಮೆ ಹೀಗೆಯೇ ಕಾಣುವುದರಿಂದ ಕೀವು ಅಥವಾ ಚರ್ಮದ ತುಣುಕನ್ನು ಪರೀಕ್ಷೆಗೆ ಕಳಿಸುವುದುಂಟು. ಅದಕ್ಕೆ ಹೆದರಬೇಕಾಗಿಲ್ಲ. ಹಲವು ದೇಶಗಳ ರೋಗಿಗಳನ್ನು ವಿಚಾರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗಕ್ಕೆ ಸರಿಯಾದ ಹೆಸರು ಸಿಗಲು ಸರಾಸರಿ ಏಳು ವರ್ಷ ಹಿಡಿದಿತ್ತು. ನಮ್ಮ ಹುಡುಗನಿಗೆ ಹತ್ತು.

ರೋಗದ ಮಟ್ಟವನ್ನು ಹರ್ಲಿ ಎಂಬ ವೈದ್ಯರು 1989ರಲ್ಲಿ ಮಾಡಿದ ಮೂರು ಹಂತಗಳಲ್ಲಿ ಅಳೆಯುತ್ತಾರೆ. ಗಂಟುಗಳು ಮಾತ್ರ ಇದ್ದರೆ ಮೊದಲ ಹಂತ, ಅಲ್ಲಲ್ಲಿ ಸುರಂಗ ಮತ್ತು ಕಲೆ ಇದ್ದರೆ ಎರಡು, ಇಡೀ ಭಾಗ ಸುರಂಗಮಯವಾದರೆ ಮೂರು. ಮೊದಲ ಹಂತದಲ್ಲಿ ಕ್ಲಿಂಡಾಮೈಸಿನ್ ಲೋಶನ್, ಡಾಕ್ಸಿಸೈಕ್ಲಿನ್ ಮಾತ್ರೆಯಂಥ ಔಷಧಗಳಿಂದ ಹಿಡಿತಕ್ಕೆ ಬರಬಹುದು. ಅಡಾಲಿಮುಮಾಬ್ ಎಂಬ ಚುಚ್ಚುಮದ್ದಿಗೆ 2015ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಈ ರೋಗಕ್ಕಾಗಿ ಅನುಮತಿ ಸಿಕ್ಕಿತು. ಅದು ಭಾರತದಲ್ಲೂ ತಯಾರಾಗುತ್ತದೆ, ಆದರೂ ದುಬಾರಿಯೇ. ಕೊಡುವ ಮೊದಲು ಕ್ಷಯದ ಪರೀಕ್ಷೆ ಕಡ್ಡಾಯ. ಆದರೆ ಒಮ್ಮೆ ಗಟ್ಟಿಯಾಗಿ ಬೇರೂರಿದ ಸುರಂಗವನ್ನು ಔಷಧ ಮಾತ್ರ ಮುಚ್ಚುವುದು ಕಷ್ಟ. ಅಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದನ್ನು ಡೀರೂಫಿಂಗ್ ಎನ್ನುತ್ತಾರೆ, ಅಂದರೆ ಮಾಡು ತೆಗೆಯುವುದು. ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ತೂತಿನೊಳಗೆ ಸಪೂರದ ಕಡ್ಡಿ ಹಾಕಿ, ಸುರಂಗ ಎಲ್ಲಿಯವರೆಗೆ ಹೋಗಿದೆ ಎಂದು ನೋಡಿ, ಅದರ ಮೇಲ್ಛಾವಣಿಯನ್ನಷ್ಟೇ ಕತ್ತರಿಸುತ್ತಾರೆ. ನೆಲವನ್ನು ಕೆರೆದು ಶುಚಿಮಾಡಿ ಹಾಗೆಯೇ ಬಿಡುತ್ತಾರೆ. ಹೆಚ್ಚಾಗಿ ಅದೇ ದಿನ ಮನೆಗೆ ಬರಬಹುದು. ಎರಡನೆಯದು ರೋಗಗ್ರಸ್ತ ಭಾಗವನ್ನು ಪೂರ್ತಿ ಅಗಲವಾಗಿ ತೆಗೆದುಹಾಕುವುದು. ಇದಕ್ಕೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ, ಕೆಲವು ದಿನ ಆಸ್ಪತ್ರೆ ವಾಸ. ಗಾಯ ದೊಡ್ಡದಾದರೆ ತೊಡೆಯಿಂದ ಚರ್ಮ ತೆಗೆದು ಕಸಿ ಮಾಡುತ್ತಾರೆ, ಅಥವಾ ಪಕ್ಕದ ಚರ್ಮವನ್ನೇ ತಿರುಗಿಸಿ ಮುಚ್ಚುತ್ತಾರೆ, ಅಥವಾ ತೆರೆದೇ ಬಿಡುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಅಗಲವಾಗಿ ತೆಗೆದಾಗ ಸುಮಾರು 13 ಶೇಕಡಾ, ಡೀರೂಫಿಂಗ್ ಆದಾಗ ಸುಮಾರು 27 ಶೇಕಡಾ ಮರುಕಳಿಸಿದೆ. ಹಾಗಾದರೆ ಎಲ್ಲರಿಗೂ ಅಗಲವಾದದ್ದೇ ಒಳ್ಳೆಯದಲ್ಲವೇ ಎಂದು ನಾನೂ ಕೇಳಿದೆ. ಅಲ್ಲವಂತೆ. ದೊಡ್ಡ ಗಾಯಕ್ಕೆ ದೊಡ್ಡ ಚೇತರಿಕೆ. ಸಣ್ಣ ಸುರಂಗಕ್ಕೆ ಅಷ್ಟು ಬೇಡ. ಚಿಕಿತ್ಸೆ ಮಾಡಿದ ಜಾಗ ವಾಸಿಯಾದರೂ ಇನ್ನೊಂದು ಜಾಗದಲ್ಲಿ ಹೊಸದು ಏಳಬಹುದು ಎಂಬುದನ್ನೂ ಮೊದಲೇ ತಿಳಿದಿರಬೇಕು.

ಇನ್ನು ಆ ತಾಯಿಯ ಪ್ರಶ್ನೆಗೆ ಬರೋಣ. ಹೊಲಿಗೆ ಯಾಕೆ ಹಾಕಲಿಲ್ಲ? ಮರೆತದ್ದಲ್ಲ. ಹೊಲಿದು ಬಾಯಿ ಮುಚ್ಚಿದರೆ ಒಳಗೆ ಉಳಿದ ಸೋಂಕಿಗೆ, ಸುರಂಗದ ಅಳಿದುಳಿದ ಅಂಶಕ್ಕೆ ಮತ್ತೆ ಮನೆ ಕಟ್ಟಿಕೊಟ್ಟಂತೆ. ತೆರೆದಿಟ್ಟರೆ ಗಾಯ ತಳದಿಂದ ಮೇಲಕ್ಕೆ ಹೊಸ ಮಾಂಸ ತುಂಬಿಕೊಂಡು, ಅಂಚುಗಳು ತಾವಾಗಿ ಒಳಗೆ ಎಳೆದುಕೊಂಡು ಮಾಯುತ್ತದೆ. ಸಣ್ಣ ಗಾಯಕ್ಕೆ ಎರಡು ಮೂರು ವಾರ, ದೊಡ್ಡದಕ್ಕೆ ಎರಡು ಮೂರು ತಿಂಗಳು. ನೋಡಲು ಭಯಂಕರ ಎಂಬುದು ನಿಜ. ಅವನ ಕಂಕುಳ ಗಾಯ ನೋಡಿದ ದಿನ ನನಗೂ ರಾತ್ರಿ ಊಟ ಸೇರಲಿಲ್ಲ. ಆದರೆ ಕೆಂಪಗೆ, ಹರಳು ಹರಳಾಗಿ, ತೇವವಾಗಿ ಕಾಣುವುದು ಆರೋಗ್ಯಕರ ಗಾಯದ ಲಕ್ಷಣ. ಈ ಒಂದು ಮಾತನ್ನು ಡಿಸ್ಚಾರ್ಜ್ ಮಾಡುವಾಗ ಯಾರಾದರೂ ತಾಯಿಗೆ ಐದು ನಿಮಿಷ ಕೂರಿಸಿ ಹೇಳಿದ್ದರೆ ಎರಡು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಡ್ರೆಸ್ಸಿಂಗ್ ಬದಲಾಯಿಸುವ ಹೊತ್ತು ಅತಿ ಕಷ್ಟದ್ದು. ಒಣ ಗಾಜ್ ಬಟ್ಟೆ ಗಾಯಕ್ಕೆ ಅಂಟಿಕೊಂಡರೆ ಕೀಳುವಾಗ ಜೀವ ಹೋದಂತಾಗುತ್ತದೆ, ಹೊಸ ಮಾಂಸವೂ ಕಿತ್ತು ಬರುತ್ತದೆ. ಅಂಟದ ಬಗೆಯ ಡ್ರೆಸ್ಸಿಂಗ್ ಸಿಗುತ್ತದೆ, ಕೇಳಿ ಪಡೆಯಿರಿ. ಅಂಟಿದ್ದರೆ ಎಳೆಯಬೇಡಿ, ವೈದ್ಯರು ಒಪ್ಪಿದರೆ ಶವರಿನ ನೀರು ಅಥವಾ ಸಲೈನ್‌ನಿಂದ ನೆನೆಸಿ ಬಿಡಿಸಿ. ನೋವಿನ ಮಾತ್ರೆಯನ್ನು ಡ್ರೆಸ್ಸಿಂಗ್‌ಗೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳುವಂತೆ ಅವನ ವೈದ್ಯರು ಸೂಚಿಸಿದ್ದರು. ಅದರಿಂದ ಬಹಳ ವ್ಯತ್ಯಾಸವಾಯಿತು ಎಂದ. ಅರಶಿನ, ಬೂದಿ, ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ತೆರೆದ ಗಾಯಕ್ಕೆ ಹಚ್ಚಬಾರದು. ಜ್ವರ, ಗಾಯದ ಸುತ್ತ ಹರಡುವ ಕೆಂಪು, ಹೆಚ್ಚುತ್ತಾ ಹೋಗುವ ನೋವು, ನಿಲ್ಲದ ರಕ್ತ ಕಂಡರೆ ಆಪರೇಷನ್ ಮಾಡಿದ ಆಸ್ಪತ್ರೆಗೆ ಅಂದೇ ಹೋಗಬೇಕು.

ಈಗ ನಮ್ಮ ಊರಿನ ದೊಡ್ಡ ಸಮಸ್ಯೆ: ನಂಜು. ಆಪರೇಷನ್ ಆಯಿತೆಂದರೆ ಮೀನು, ಮೊಟ್ಟೆ, ಕೋಳಿ, ಬದನೆ ಎಲ್ಲ ಬಂದ್. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ನೋಡಲು ಬಂದ ನೆರೆಕರೆಯವರೂ "ನಂಜಾಗುತ್ತದೆ, ಜಾಗ್ರತೆ" ಎಂದೇ ಹೇಳಿ ಹೋಗುತ್ತಾರೆ. ಹಿರಿಯರ ಕಾಳಜಿಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಹೊಸ ಮಾಂಸ ಬೆಳೆಯಲು ಪ್ರೋಟೀನ್ ಬೇಕು. ಅದು ಗಂಜಿ ತಿಳಿಯಲ್ಲಿಲ್ಲ. ಬಂಗುಡೆಯಲ್ಲಿ, ಭೂತಾಯಿಯಲ್ಲಿ, ಮೊಟ್ಟೆಯಲ್ಲಿ, ಹೆಸರುಕಾಳಿನಲ್ಲಿ ಇದೆ. ವೈದ್ಯರು ನಿರ್ದಿಷ್ಟವಾಗಿ ಬೇಡವೆಂದ ಹೊರತು, ಅಥವಾ ಆ ಆಹಾರ ಮೊದಲಿನಿಂದಲೂ ಮೈಗೆ ಆಗದ ಹೊರತು, ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಯಲ್ಲಿಡದಿದ್ದರೆ ಗಾಯ ಮಾಯುವುದು ತಡ. ಸಿಗರೇಟು, ಬೀಡಿ ಬಿಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಹೊಗೆ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಮಾಯುವುದನ್ನೇ ತಡೆಯುತ್ತದೆ.

ಕಂಕುಳ ಆಪರೇಷನ್ ಆದವರು ನೋವಿಗೆ ಹೆದರಿ ಕೈಯನ್ನು ಮೈಗೆ ಒತ್ತಿಕೊಂಡೇ ಇರುತ್ತಾರೆ. ಹಾಗೆ ಮಾಡಿದರೆ ಮಾಯುವಾಗ ಕಲೆ ಬಿಗಿದು ಮುಂದೆ ತೋಳು ಮೇಲೆ ಹೋಗುವುದೇ ಇಲ್ಲ. ವೈದ್ಯರು ಹೇಳಿದ ದಿನದಿಂದ ಫಿಸಿಯೋಥೆರಪಿ ಮಾಡಬೇಕು. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ನಿಧಾನ ಹತ್ತಿಸುವುದು ಅವುಗಳಲ್ಲೊಂದು. ಕಸಿ ಮಾಡಿದವರಿಗೆ ಮಾತ್ರ ಮೊದಲ ಕೆಲವು ದಿನ ಅಲುಗಾಡದಂತೆ ಇರಲು ಹೇಳುತ್ತಾರೆ. ತೊಡೆಸಂದಿ, ಪೃಷ್ಠದಲ್ಲಿ ಆದವರಿಗೆ ಕೂರುವುದು, ಬೈಕ್ ಓಡಿಸುವುದು ವಾರಗಟ್ಟಲೆ ಆಗದು. ಅಂಥವರು ಪೂಜೆಯ ಹೊತ್ತು ಹಿಂದೆ ನಿಂತೇ ಇದ್ದರೆ, ಮೊಣಕಾಲೂರದಿದ್ದರೆ, ತಿರುಗಿ ತಿರುಗಿ ನೋಡಬೇಡಿ. ಬರಲಾಗದವರ ಮನೆಗೆ ಪರಮಪ್ರಸಾದ ತರಬಹುದು. ಗುರಿಕಾರರ ಮೂಲಕ ತಿಳಿಸಿದರೆ ಸಾಕು, ರೋಗದ ಹೆಸರು ಹೇಳಬೇಕಾಗಿಲ್ಲ.

ಖರ್ಚಿನ ಬಗ್ಗೆ ಒಂದು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ನಮ್ಮ ರಾಜ್ಯದಲ್ಲಿ 2018ರಲ್ಲಿ ಆರಂಭವಾಗಿದೆ. ದಾಖಲಾಗುವ ಮೊದಲೇ ಪಡಿತರ ಚೀಟಿ, ಆಧಾರ್ ಹಿಡಿದುಕೊಂಡು ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಿನಲ್ಲಿ ವಿಚಾರಿಸಿರಿ. ಯಾವ ಶಸ್ತ್ರಚಿಕಿತ್ಸೆಗೆ ಎಷ್ಟು ನೆರವು ಎಂದು ಅವರೇ ಹೇಳಬಲ್ಲರು. ಡ್ರೆಸ್ಸಿಂಗ್ ಸಾಮಗ್ರಿಯ ವೆಚ್ಚವನ್ನು ಬೇರೆಯೇ ಲೆಕ್ಕಹಾಕಿ. ಆಪರೇಷನ್ನಿನ ಹಣ ಹೊಂದಿಸಿದವರು ಇಲ್ಲಿ ಸೋಲುವುದನ್ನು ಕಂಡಿದ್ದೇನೆ. ನಮ್ಮ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ನೆರವು ಕೊಡುವಾಗ ಈ ಭಾಗವನ್ನೂ ಗಮನಿಸಿದರೆ ಒಳ್ಳೆಯದು.

ಹುಡುಗನ ಗಾಯ ಒಂಬತ್ತನೆಯ ವಾರದಲ್ಲಿ ಪೂರ್ತಿ ಮಾಯಿತು. ಎಡ ಕಂಕುಳಲ್ಲಿ ಈವರೆಗೆ ಹೊಸದೇನೂ ಎದ್ದಿಲ್ಲ. ತೊಡೆಸಂದಿಯಲ್ಲಿ ಕಳೆದ ತಿಂಗಳು ಒಂದು ಸಣ್ಣ ಗಂಟು ಕಂಡಿತು. ಈ ಬಾರಿ ಎರಡು ವರ್ಷ ಅಡಗಿಸಿಡಲಿಲ್ಲ, ಮೂರನೆಯ ದಿನವೇ ತೋರಿಸಿ ಬಂದಿದ್ದಾನೆ.